ಹಜರತರು ಹೊಡೆದುಹಾಕಿದ ಸಾಲು

ಸವಣೂರಿನ ಎಲೆಬಳ್ಳಿ ತೋಟಗಳ ಅಂಚಿನಲ್ಲಿ ಒಂದು ಸಣ್ಣ ಮಸೀದಿಯಿತ್ತು. ಅದರ ಪಕ್ಕದ ಹೆಂಚಿನ ಕೋಣೆಯಲ್ಲಿ ಮಹನೀಯರಾದ ಮೌಲಾನಾ ಸಿಬ್ಗತುಲ್ಲಾ ಸಾಹೇಬರು, ಅಲ್ಲಾಹನು ಅವರ ಮೇಲೆ ಕರುಣೆ ಸುರಿಸಲಿ, ಮೂವತ್ತೊಂಬತ್ತು ವರ್ಷ ವಾಸವಾಗಿದ್ದರು. ಜನ ಅವರನ್ನು ಹಜರತರೆಂದೇ ಕರೆಯುತ್ತಿದ್ದರು. ಒಂದು ಚಾಪೆ, ಒಂದು ನೀರಿನ ಹೂಜಿ, ಗೋಡೆಯುದ್ದಕ್ಕೂ ಪುಸ್ತಕಗಳು. ಅವರ ಆಸ್ತಿ ಅಷ್ಟೇ. ಬರೆಯುವುದಕ್ಕೆ ಹೊಸ ಕಾಗದ ಕೊಂಡವರಲ್ಲ. ಜನ ತಂದುಕೊಡುತ್ತಿದ್ದ ಲಗ್ನಪತ್ರಿಕೆಗಳ ಹಿಂಬದಿಯಲ್ಲೇ ಇಪ್ಪತ್ತೆರಡು ಪುಸ್ತಕಗಳನ್ನು ಬರೆದರು, ಅದೂ ಕನ್ನಡದಲ್ಲಿ. ನಮ್ಮ ಕಡೆಯ ಅರಳೆ ಹಿಂಜುವ ನದಾಫರ ಮನೆಮಾತು ಕನ್ನಡ. ದೀನಿನ, ಎಂದರೆ ಧರ್ಮದ, ಮಾತು ಅವರ ಒಲೆಯ ಮುಂದೆಯೂ ತಿಳಿಯಬೇಕೆಂಬುದು ಹಜರತರ ಹಟ. ಹಿರಿಯರು ಹೇಳಿದರೆಂದು ಕಣ್ಣು ಮುಚ್ಚಿ ನಡೆಯಬೇಡಿ, ಕೇಳಿ, ವಿಚಾರಿಸಿ, ಕುರ್‌ಆನನ್ನು ತೆರೆದು ನೋಡಿ ಎಂದು ಅವರು ಬರೆಯದ ಪುಸ್ತಕವೇ ಇಲ್ಲ.

ಅಂಥವರ ಬಾಗಿಲಿಗೆ ಒಂದು ಬುಧವಾರ ಇಳಿಹೊತ್ತಿನಲ್ಲಿ ಜಗಳಕ್ಕೆಂದೇ ಒಬ್ಬ ಬಂದ. ಹೆಸರು ರಾಜೇಸಾಬ ನದಾಫ, ಕಡೇಕೊಪ್ಪದವನು. ಅರಳೆ ಹಿಂಜಿ ಗಾದಿ ಹೊಲಿಯುವುದು ಅವನ ಕಸುಬು. ಹುಬ್ಬಿನ ಮೇಲೆಲ್ಲ ಹತ್ತಿಯ ಎಳೆಗಳು ಅಂಟಿಕೊಂಡಿದ್ದವು, ಕಂಕುಳಲ್ಲಿ ಹಸಿರು ರಟ್ಟಿನ ಪುಸ್ತಕವೊಂದಿತ್ತು. ಮದುವೆ, ಸಂಸಾರಗಳ ಧರ್ಮವಿಧಿಯನ್ನು ಕುರಿತು ಹಜರತರು ಪ್ರಾಯದಲ್ಲಿ ಬರೆದ ಪುಸ್ತಕ ಅದು. ಆ ಪುಸ್ತಕವನ್ನು ಮುದುಕನ ಮುಖದ ಮುಂದೆ ಎಸೆದು, ಬಾಯಿಗೆ ಬಂದದ್ದು ಅಂದು ಹೊರಟುಬಿಡಬೇಕೆಂದು ಬಸ್ಸಿನುದ್ದಕ್ಕೂ ಅವನು ಹಲ್ಲು ಕಚ್ಚಿಕೊಂಡು ಬಂದಿದ್ದ.

ಅವನ ಸಿಟ್ಟಿಗೆ ಕಾರಣವಿತ್ತು. ತಂಗಿ ದಾವಲಬಿಯ ಗಂಡ ಗೌಸುಸಾಬ ಎಂಟು ವರ್ಷದ ಹಿಂದೆ ಕೆಲಸ ಹುಡುಕಿಕೊಂಡು ಮುಂಬೈಗೆ ಹೋದವನು. ಎರಡು ಪತ್ರ ಬಂದವು, ಆಮೇಲೆ ಸುದ್ದಿಯಿಲ್ಲ. ರಾಜೇಸಾಬ ಮೂರು ಸಲ ಮುಂಬೈಗೆ ಹೋಗಿ ಚಾಳು ಚಾಳು ಅಲೆದ, ಪೊಲೀಸರ ಕಾಲು ಹಿಡಿದ, ಆಸ್ಪತ್ರೆಗಳ ಹೆಣದ ಕೋಣೆಗಳನ್ನೂ ಬಿಡಲಿಲ್ಲ. ಸತ್ತನೆನ್ನುವವರಿಲ್ಲ, ಇದ್ದಾನೆನ್ನುವವರೂ ಇಲ್ಲ. ಈಗ ಇಮಾಮಹುಸೇನ ಎಂಬ ಬಸ್ಸಿನ ಕಂಡಕ್ಟರ್, ಹೆಂಡತಿ ತೀರಿಕೊಂಡ ಒಳ್ಳೆಯ ಮನುಷ್ಯ, ದಾವಲಬಿಯನ್ನು ಕೇಳಿಕೊಂಡು ಬಂದಿದ್ದ. ಎಷ್ಟೋ ವರ್ಷಗಳ ಮೇಲೆ ಆಕೆ ಕನ್ನಡಿಯ ಮುಂದೆ ನಿಂತದ್ದನ್ನು ಅಣ್ಣ ಕಣ್ಣಾರೆ ಕಂಡಿದ್ದ. ಆದರೆ ಕಡೇಕೊಪ್ಪದ ಮಸೀದಿಯ ಜಮಾತಿನ ಹಿರಿಯರು ಹಸಿರು ಪುಸ್ತಕದ ನೂರಾ ಹನ್ನೆರಡನೆಯ ಪುಟ ತೆಗೆದು ತೋರಿಸಿದರು. ಕಾಣೆಯಾದ ಗಂಡನ ಓರಗೆಯವರೆಲ್ಲ ತೀರಿಕೊಳ್ಳುವವರೆಗೂ ಹೆಂಡತಿ ಕಾಯತಕ್ಕದ್ದು ಎಂದು ಅಲ್ಲಿ ಅಚ್ಚಾಗಿತ್ತು. ಮೌಲಾನಾ ಸಾಹೇಬರೇ ಬರೆದ ಮೇಲೆ ಇನ್ನೇನಿದೆ ಎಂದು ಅವರು ಎದ್ದುಹೋದರು.

ರಾಜೇಸಾಬ ಕೋಣೆಯ ಬಾಗಿಲಿಗೆ ಬಂದಾಗ ಹಜರತರು ಒಂದು ಲಗ್ನಪತ್ರಿಕೆಯನ್ನು ಮಗುಚಿ ಹಾಕಿ ಬರೆಯುತ್ತ ಕುಳಿತಿದ್ದರು. ತಲೆಯೆತ್ತಿ ಸಲಾಂ ಹೇಳಿದರು, ತಾವೇ ಎದ್ದು ಹೂಜಿಯಿಂದ ನೀರು ಬಗ್ಗಿಸಿ ಕೊಟ್ಟರು. ಬಿಸಿಲಲ್ಲಿ ಬಂದವನು ಆ ನೀರನ್ನು ಗಟಗಟ ಕುಡಿದ. ಕುಡಿದ ಮೇಲೆ ಎಸೆಯಲು ಕೈ ಬರಲಿಲ್ಲ, ಪುಸ್ತಕವನ್ನು ಚಾಪೆಯ ಮೇಲೆ ಇಟ್ಟ. ಆದರೆ ಮಾತನ್ನು ಮಾತ್ರ ನುಂಗಿಕೊಳ್ಳಲಿಲ್ಲ.

"ಇದನ್ನ ಬರದವರು ನೀವ ಹೌದಲ್ರಿ?" ಎಂದ. ಹೌದೆಂದರು.

"ನಮ್ಮ ತಂಗಿ ಗಂಡನ ಓರಗಿಯವರು ನಮ್ಮೂರಾಗ ಹನ್ನೊಂದು ಮಂದಿ ಅದಾರ್ರಿ. ಎಣಿಸೇನಿ. ಒಬ್ಬಾವ ದಿನಾ ಗರಡಿಗೆ ಹೋಗ್ತಾನ. ಇನ್ನೊಬ್ಬಂದು ಮೊನ್ನೆರ ಲಗ್ನ ಆತು." ಬೆರಳನ್ನು ತನ್ನ ಎದೆಗೆ ಒತ್ತಿಕೊಂಡ. "ಆ ಹನ್ನೊಂದರಾಗ ನಾನೂ ಒಬ್ಬ. ನಾ ಸತ್ತರ ನನ್ನ ತಂಗಿಗೆ ಬಿಡುಗಡಿ. ನೀವು ಬರದದ್ದು ಹಂಗ ಅಲ್ಲೇನ್ರಿ?"

ಹಜರತರು ಪುಸ್ತಕವನ್ನು ಕೈಗೆತ್ತಿಕೊಂಡರು. ಪುಟವನ್ನು ತೆರೆದು ಓದಿದರು, ಮತ್ತೊಮ್ಮೆ ಓದಿದರು. ಇಪ್ಪತ್ತೆಂಟರ ವಯಸ್ಸಿನಲ್ಲಿ, ಹಳೆಯ ಗ್ರಂಥವೊಂದರಿಂದ ಇದ್ದಂತೆಯೇ ಇಳಿಸಿಕೊಂಡ ಸಾಲು ಅದು. ಕಣ್ಣು ಮುಚ್ಚಿ ನಡೆಯಬೇಡಿ ಎಂದು ಊರಿಗೆಲ್ಲ ಹೇಳಿದ ಕೈಯೇ ಇದನ್ನು ಕಣ್ಣು ಮುಚ್ಚಿ ಬರೆದಿತ್ತು. ಏನಾದರೊಂದು ಸಮಜಾಯಿಷಿ ಬರುತ್ತದೆಂದು ರಾಜೇಸಾಬ ತೊಡೆ ತಟ್ಟಿ ಕಾಯುತ್ತಿದ್ದ. ಅವರು ತಂಗಿಯ ಹೆಸರು ಕೇಳಿದರು, ಎಂಟು ವರ್ಷದಲ್ಲಿ ಎಲ್ಲೆಲ್ಲಿ ಹುಡುಕಿದಿರೆಂದು ಒಂದೊಂದಾಗಿ ವಿಚಾರಿಸಿದರು. ಕೊನೆಗೆ, "ಶುಕ್ರವಾರ ಜುಮ್ಮಾಕ್ಕ ಬಾ ತಮ್ಮಾ. ನಿಮ್ಮ ಜಮಾತಿನವರನ್ನೂ ಕರಕೊಂಡ ಬಾ" ಎಂದರು.

ದೊಡ್ಡವರು ಸಾಗಹಾಕುವುದೇ ಹೀಗೆ ಎಂದುಕೊಂಡು ರಾಜೇಸಾಬ ಹಿಂದಿರುಗಿದ. ಆದರೂ ಹಿರಿಯರಿಗೆ ಸುದ್ದಿ ಮುಟ್ಟಿಸಿದ. ಅವರು ಇವನಿಗೆ ಮಂಗಳಾರತಿ ಕಾದಿದೆ ಎಂದು ನಗುತ್ತಲೇ ಹೊರಟುನಿಂತರು.

ಆ ಶುಕ್ರವಾರದ ಸಂಭ್ರಮವನ್ನು ಏನೆಂದು ಹೇಳುವುದು! ಹೇಗೋ ಊರೆಲ್ಲ ಸುದ್ದಿ ಹಬ್ಬಿ ಸಣ್ಣ ಮಸೀದಿ ಕಿಕ್ಕಿರಿದಿತ್ತು. ಅಂಗಳದಲ್ಲಿ, ಕಟ್ಟೆಯ ಮೇಲೆ, ರಸ್ತೆಯಲ್ಲೂ ಜನ. ರಾಜೇಸಾಬ ಕಂಬಕ್ಕೆ ಆತು ಕುಳಿತಿದ್ದ. ಹಜರತರು ಕೋಲೂರಿ ಪ್ರವಚನಪೀಠವಾದ ಮಿಂಬರನ್ನೇರಿದರು. ಎರಡು ದಿನ ಗ್ರಂಥಗಳ ನಡುವೆಯೇ ಕುಳಿತು ಅವರ ಕಣ್ಣುಗಳು ಕೆಂಪಾಗಿದ್ದವು. ಕೈಯಲ್ಲಿ ರಾಜೇಸಾಬ ಬಿಟ್ಟುಹೋಗಿದ್ದ ಹಸಿರು ಪುಸ್ತಕವಿತ್ತು.

"ಇದರ ನೂರಾ ಹನ್ನೆರಡನೇ ಪುಟದಾಗ ನಾನು ಬರದದ್ದು ತಪ್ಪು," ಎಂದರು. "ಆ ಮಾತನ್ನ ನಾನು ವಾಪಸ್ ತಗೊಂಡೇನಿ. ತಿದ್ದಿದಾವ ಅಲ್ಲಿ ಕಂಬದ ಹತ್ತರ ಕುಂತಾನ."

ಮಸೀದಿಯ ಕಣ್ಣುಗಳೆಲ್ಲ ಒಮ್ಮೆಗೇ ತನ್ನತ್ತ ತಿರುಗಿದಾಗ ರಾಜೇಸಾಬನಿಗೆ ಮೈ ಝುಮ್ಮೆಂದಿತು. ನಗಲೋ ಅಳಲೋ ತಿಳಿಯಲಿಲ್ಲ. ಅಷ್ಟರಲ್ಲಿ ಹಜರತರು ವಿವರವಾಗಿ ತಿಳಿಸತೊಡಗಿದ್ದರು. ಮಾಲಿಕಿ ಪಂಥದಲ್ಲಿ ನಾಲ್ಕು ವರ್ಷ ಕಾದರೆ ಸಾಕೆಂಬ ದಾರಿಯಿದೆ, ತಮ್ಮ ಹನಫಿ ಪಂಥದ ವಿದ್ವಾಂಸರೂ ಕಷ್ಟಕ್ಕೆ ಒದಗಲೆಂದು ಅದನ್ನು ಒಪ್ಪಿದ್ದಾರೆ; ಧರ್ಮನ್ಯಾಯಾಧೀಶರಾದ ಖಾಜಿಗಳು ವಿಚಾರಣೆ ಮಾಡಿ ತೀರ್ಪು ಕೊಟ್ಟ ಮೇಲೆ, ವಿಧವೆ ಕಾಯುವಷ್ಟೇ ದಿನ, ನಾಲ್ಕು ತಿಂಗಳು ಹತ್ತು ದಿನ ಕಾದು, ಆಕೆ ಮನಸ್ಸಿದ್ದಲ್ಲಿ ಮದುವೆಯಾಗಬಹುದು. ಇದನ್ನು ಅಂದೇ ಹುಡುಕದೆ ಹೋದದ್ದು ತಮ್ಮ ಸೋಮಾರಿತನ ಎಂದೂ ಮುಚ್ಚುಮರೆಯಿಲ್ಲದೆ ಸೇರಿಸಿದರು.

ಕಡೇಕೊಪ್ಪದ ಮಸೀದಿಯ ಮೇಲ್ವಿಚಾರಕರಾದ ಮುತವಲ್ಲಿಗಳಿಗೆ ಕಾಲಡಿಯ ನೆಲವೇ ಕುಸಿದಂತಾಯಿತು. ನಮಾಜು ಮುಗಿದದ್ದೇ ತಡ, ಧಾವಿಸಿ ಬಂದರು. ನಲವತ್ತು ವರ್ಷ ನಡೆದ ಪುಸ್ತಕ, ಎಷ್ಟೋ ಮನೆಗಳಲ್ಲಿ ಕಪಾಟಿನ ಮೇಲಿಟ್ಟ ಪುಸ್ತಕ, ಒಬ್ಬ ಹೆಂಗಸಿಗಾಗಿ ಅದರ ಮರ್ಯಾದೆ ಕಳೆಯಬಹುದೇ ಎಂದು ಕೈಮುಗಿದು ಕೇಳಿದರು.

"ಪುಸ್ತಕ ನಾ ಬರದದ್ದು," ಎಂದರು ಹಜರತರು. "ಆಕೀನ್ನ ಅಲ್ಲಾಹ ಹುಟ್ಟಿಸ್ಯಾನ."

ಮಹಾತ್ಮರಾದರೋ ಅಷ್ಟಕ್ಕೇ ಸುಮ್ಮನಾಗಲಿಲ್ಲ. ಮಿಂಬರಿನ ಮೇಲಿನ ಮಾತು ಮಸೀದಿಗೆ ಬಂದವರಿಗೆ ಮಾತ್ರ ಮುಟ್ಟುತ್ತದೆ, ಮನೆಮನೆಯಲ್ಲಿರುವ ಸಾಲು ಹಾಗೇ ಉಳಿಯುತ್ತದೆ, ಅದನ್ನು ಬರೆದವನೇ ಹೋಗಿ ಹೊಡೆಯಬೇಕು ಎಂದು ಮಸಿಯ ಬಾಟಲಿ, ಲೇಖನಿ ತೆಗೆದುಕೊಂಡು ಎಪ್ಪತ್ತರ ವಯಸ್ಸಿನಲ್ಲಿ ಅಂದೇ ಬಸ್ಸು ಹತ್ತಿದರು. ಮೊದಲು ಹೋದದ್ದು ರಾಜೇಸಾಬನ ಮನೆಗೇ.

ದಾವಲಬಿ ಸೆರಗು ಎಳೆದುಕೊಂಡು ಬಾಗಿಲ ಹಿಂದೆ ನಿಂತಿದ್ದಳು. ಹಜರತರು ಹೊರಗಿನ ಕಟ್ಟೆಯ ಮೇಲೆ, ಹಿಂಜಿದ ಹತ್ತಿಯ ರಾಶಿಯ ಪಕ್ಕದಲ್ಲಿ ಕುಳಿತು, ಪುಸ್ತಕ ಮತ್ತು ಲೇಖನಿಯನ್ನು ಅಣ್ಣನ ಕೈಯಲ್ಲಿ ಒಳಗೆ ಕಳಿಸಿದರು. "ನೀನ ಹೊಡಿಯವ್ವಾ," ಎಂದರು, "ಇದು ನಿನಗ ಮಾಡಿದ ತಪ್ಪು."

ಆ ಪುಟವನ್ನು ಆಕೆ ಹುಡುಕಬೇಕಾಗಿರಲಿಲ್ಲ, ಎಷ್ಟೋ ಸಲ ಬಿಚ್ಚಿ ಓದಿದ ಪುಸ್ತಕ ಅಲ್ಲಿಗೇ ತೆರೆದುಕೊಂಡಿತು. ಒಂದು ಗೀಟು ಎಳೆದಳು, ಅದರ ಮೇಲೆ ಇನ್ನೊಂದು, ಮತ್ತೂ ಒಂದು. ಕಾಗದ ಹರಿಯಿತು. ಎಂಟು ವರ್ಷ ಯಾರ ಮುಂದೆಯೂ ಅಳದವಳು ಗೋಡೆಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಹರಿದ ಪುಟವನ್ನು ಕಂಡು ಗಾಬರಿಯಾದ ರಾಜೇಸಾಬ ಪುಸ್ತಕ ಹಿಡಿದು ಕ್ಷಮೆ ಕೇಳಲು ಹೊರಗೆ ಓಡಿಬಂದ. ಹಜರತರು ಪುಟದ ತೂತನ್ನು ಬೆಳಕಿಗೆ ಹಿಡಿದು ನೋಡಿದರು; ಅವರ ಗಡ್ಡದ ಮೇಲೂ ಕಣ್ಣೀರು ಇಳಿಯುತ್ತಿತ್ತು. ತಾವು ಎಷ್ಟೇ ಪ್ರಯತ್ನಪಟ್ಟರೂ ಇಷ್ಟು ಚೆನ್ನಾಗಿ ಹೊಡೆಯಲಾಗುತ್ತಿರಲಿಲ್ಲ ಎಂದು ಹೇಳಿ, ಮುಂದಿನ ಮನೆ ಯಾವುದೆಂದು ಕೇಳಿದರು.

ಗಾದಿಯ ಕೆಲಸ ಬದಿಗಿಟ್ಟು ರಾಜೇಸಾಬ ಮಸಿಯ ಬಾಟಲಿ ಹಿಡಿದು ಅವರೊಂದಿಗೆ ಹೊರಟ. ಕೆಲವರು ಗೌರವದಿಂದ ಪುಸ್ತಕ ಒಪ್ಪಿಸಿದರು, ಕೆಲವರು ನಕ್ಕರು, ಒಬ್ಬನು ಬಾಗಿಲನ್ನೇ ಹಾಕಿಕೊಂಡ. ಎಲ್ಲ ಕಡೆಯೂ ಹಜರತರು ಅದೇ ಪುಟ ತೆರೆದು, ಅದೇ ಸಾಲು ಹೊಡೆದು, ಅಂಚಿನಲ್ಲಿ ಸಹಿ ಹಾಕಿದರು. ಖಾಜಿಗಳ ವಿಚಾರಣೆ ನಡೆದು, ಕಾಯುವ ದಿನಗಳೂ ಕಳೆದು, ಇಮಾಮಹುಸೇನನೊಂದಿಗೆ ದಾವಲಬಿಯ ನಿಕಾಹ್ ಓದಿಸಿದವರೂ ಅವರೇ.

ಹಜರತರು ತೀರಿಕೊಂಡ ಮೇಲೆ, ಅವರೊಂದಿಗೆ ಊರೂರು ತಿರುಗಿದವನೆಂದು ಜನ ರಾಜೇಸಾಬನನ್ನು ಹುಡುಕಿಕೊಂಡು ಬರುತ್ತಿದ್ದರು. ನೀರಿನ ಮೇಲೆ ನಡೆದರೇ, ಮುಟ್ಟಿ ರೋಗ ವಾಸಿ ಮಾಡಿದರೇ, ಅವರ ಯಾವ ಕರಾಮತ್ತನ್ನು ಕಣ್ಣಾರೆ ಕಂಡೆ ಎಂದು ಆಸೆಯಿಂದ ಕೇಳುತ್ತಿದ್ದರು. ಆಗೆಲ್ಲ ರಾಜೇಸಾಬ ಹಿಂಜುವ ಬಿಲ್ಲನ್ನು ಕೆಳಗಿಟ್ಟು ನೆಟ್ಟಗೆ ಕೂರುತ್ತಿದ್ದ.

"ಇಪ್ಪತ್ತೆರಡು ಪುಸ್ತಕ ಬರದವರು ತುಂಬಿದ ಮಸೀದ್ಯಾಗ ನಿಂತು 'ನಂದು ತಪ್ಪು' ಅಂದ್ರು," ಎನ್ನುತ್ತಿದ್ದ. "ನಾ ಈ ಕಿವೀಲೆ ಕೇಳೇನಿ."