ಅಜ್ಜನವರು ಲೋಬಾನದ ಕುಂಡ ಆರಿಸಿದ್ದು

ಮೂವರು ಹೊರುವ ಹಾಸುಗಲ್ಲನ್ನು ಒಬ್ಬನೇ ಹೊತ್ತು, ಒಂದೇ ಉಸಿರಿನಲ್ಲಿ ಮಠದ ಗುಡ್ಡ ಹತ್ತಿದವನು ನಾನು, ತಿಮ್ಮಣ್ಣ. ಕಂಡವರೆಲ್ಲ ಮಣ್ಣಾದರು, ಸುಳ್ಳೆನ್ನಲು ಯಾರೂ ಉಳಿದಿಲ್ಲ. ಆ ಮಠದ ನಿರಂಜನಜ್ಜನವರ ಮಹಿಮೆಯನ್ನು ಓದು ಬಾರದ ನಾನು ಹೇಳುತ್ತೇನೆ, ಕೇಳಿರಿ.

ಪೂಜ್ಯರು ಮೇಲಿನ ಮೆಟ್ಟಿಲ ಬಳಿ ಗೋಣಿತಟ್ಟಿನ ಮೇಲೆ ಕೂಡುತ್ತಿದ್ದರು. ಪಕ್ಕದಲ್ಲಿ ನಲವತ್ತು ವರ್ಷ ಆರದ ಲೋಬಾನದ ಕುಂಡ. ಕೆಮ್ಮುವವರು ಬಂದು ಅದರ ಹೊಗೆ ಎಳೆದುಕೊಂಡು, ಬೂದಿ ನೆಕ್ಕಿ ಹೋಗುತ್ತಿದ್ದರು.

ನನ್ನ ಜೊತೆ ಕಲ್ಲು ಒಡೆಯುತ್ತಿದ್ದ ಹುಲಗಪ್ಪನಿಗೆ ಮೂರು ವರ್ಷದ ಕೆಮ್ಮು. ಕಲ್ಲಿನ ಕಣಿಯಲ್ಲಿ ನಮ್ಮ ರೂಢಿ ಒಂದೇ: ಸಂಜೆ ಹಿಡಿ ಬೆಲ್ಲ ತಿಂದರೆ ದಿನದ ಧೂಳೆಲ್ಲ ಹೊಟ್ಟೆಗಿಳಿಯುತ್ತದೆ. "ಬೀಡಿ ಕೆಮ್ಮಲೇ ಇದು, ಬೆಲ್ಲ ತಿನ್ನು" ಎಂದು ನಾನೂ ಅಂದಿದ್ದೆ.

ಯುಗಾದಿಗೆ ಅವನು ಹೊಗೆ ತೆಗೆದುಕೊಳ್ಳಲು ಬಂದ. ಕುಂಡದ ಮೇಲೆ ಬಗ್ಗುವಷ್ಟರಲ್ಲಿ ಪೂಜ್ಯರು ತಡೆದರು.

"ದೀಪಾವಳಿಗೆ ಈ ಮೆಟ್ಟಲಾ ನಿಲ್ಲದ ಹತ್ತಿದ್ದಿ. ಸಂಕ್ರಾಂತಿಗೆ ಒಮ್ಮೆ ಕುಂತಿದ್ದಿ. ಇವತ್ತು ಮೂರು ಸಲ. ಬ್ಯಾಸಗಿ ಬಂದ್ರೂ ಕೆಮ್ಮು ಹೋಗಿಲ್ಲ. ಮುಂಜಾನೆ ಕಫ ಬೀಳ್ತದೇನು?"

"ಬೀಳ್ತದ್ರಿ ಅಪ್ಪಾರ."

"ಎದ್ಯಾಗ ಸೀಟಿ ಹೊಡದಂಗ?"

"ಹೌದ್ರಿ. ದಿನಾ ಬೆಲ್ಲ ತಿಂತೀನ್ರಿ."

"ಬೆಲ್ಲ ಹೋಗೋದು ಹೊಟ್ಟಿಗೆ. ಧೂಳು ಕುಂತದ್ದು ಪುಪ್ಪುಸದಾಗ."

ಹಾಗೆಂದವರೇ ತಂಬಿಗೆಯ ನೀರನ್ನು ಕುಂಡಕ್ಕೆ ಸುರಿದುಬಿಟ್ಟರು. ಭಕ್ತರು ಗಲ್ಲ ಗಲ್ಲ ಬಡಿದುಕೊಂಡರು.

"ಇದೂ ಹೊಗೀನ. ಕಣಿಗೆ ಮತ್ತ ಇಳೀಬ್ಯಾಡ. ತಿಮ್ಮಣ್ಣಾ, ನಾಳೆ ಇವನ್ನ ದೊಡ್ಡ ದವಾಖಾನಿಗೆ ಕರಕೊಂಡು ಹೋಗು. ಎದಿ ಫೋಟೋ ತೆಗಿಸು."

ನನ್ನ ಕಣ್ಣು ತೆರೆಯಿತು. ಮರುದಿನವೇ ಅವನನ್ನು ಹೆಗಲ ಮೇಲೆ ಹೊತ್ತು, ಹದಿನೆಂಟು ಮೈಲಿ ನಡೆದು ದವಾಖಾನೆ ಮುಟ್ಟಿಸಿದೆ. ಡಾಕ್ಟರು ಫೋಟೋ ಬೆಳಕಿಗೆ ಹಿಡಿದು, "ಧೂಳು ಪುಪ್ಪುಸ ತಿಂದಿದೆ. ಹೋದದ್ದು ಬರುವುದಿಲ್ಲ. ಬೇಗ ಬಂದು ಕಣಿ ಬಿಟ್ಟಿದ್ದರೆ ಇನ್ನಷ್ಟು ದಿನ ಉಸಿರಾಡುತ್ತಿದ್ದ" ಎಂದರು. ಶ್ರಾವಣದಲ್ಲಿ ಹುಲಗಪ್ಪ ತುಟಿ ನೀಲಿಯಾಗಿ, ಕೂತಲ್ಲೇ ಹೋದ. ಅಂದಿನಿಂದ ನಾನು ಬೀಡಿ ಮುಟ್ಟಿಲ್ಲ. ಕಣಿಯಲ್ಲಿ ಕೆಮ್ಮುವವನು ಕಂಡರೆ ಬೈದಾದರೂ ದವಾಖಾನೆಗೆ ಎಳೆದೊಯ್ಯುತ್ತೇನೆ.

ಮಠದ ಕಟ್ಟೆಯ ಮೇಲೆ ಇದನ್ನು ಎಷ್ಟು ಸಲ ಹೇಳಿದ್ದೇನೋ. ಮೊನ್ನೆ ಹುಲಗಪ್ಪನ ಮಗಳು ದುರುಗವ್ವ ಅಲ್ಲೇ ಹೂ ಕಟ್ಟುತ್ತ ಕೂತಿದ್ದಳು. ತಲೆ ಎತ್ತದೆ ಕೇಳಿದಳು:

"ಕಾಕಾ, ಹೆಗಲ ಮ್ಯಾಲ ಹೊತ್ತದ್ದು ಇರಲಿ. ಮರುದಿನಾನ ಹೋಗಿದ್ರೇನು? ಅಪ್ಪ ಮತ್ತ ಮೂರು ತಿಂಗಳು ಕಣಿಗೆ ಹೋದ. ಬುತ್ತಿ ಕಟ್ಟಿದಾಕಿ ನಾನ. 'ಗುಡಿ ಕಂಬದ ಕೆಲಸ ಮುಗೀಲಿ, ಆಮ್ಯಾಲ ಹೋಗೂಣು' ಅಂದವ್ರು ನೀವ."

ಹೆಗಲ ಮೇಲಿನ ವಲ್ಲಿಯನ್ನು ಝಾಡಿಸಿ ಮತ್ತೆ ಹಾಕಿಕೊಂಡೆ.

"ವಯಸ್ಸಾತವ್ವ," ಎಂದೆ. "ದಿನದ ಲೆಕ್ಕ ಯಾರಿಗೆ ನೆಪ್ಪಿರ್ತದ?"