ತುಂಬಿದ ಪೆಟ್ಟಿಗೆ

ಹೊಳೆದಂಡೆಯ ಆಶ್ರಮವೊಂದರಲ್ಲಿ ಹಳೆಯ ಹಾಡುಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುತ್ತಿದ್ದರು. ಆ ಕೆಲಸ ಶಿಷ್ಯೆ ಮಧುಮತಿಯದು.

ದಿನವೂ ಸಂಜೆ ಅವಳು ಇಡೀ ಡೇಟಾಬೇಸಿನ ಬ್ಯಾಕಪ್ ತೆಗೆದಿಡುತ್ತಿದ್ದಳು. ಯಂತ್ರ ಕೈಕೊಟ್ಟರೆ ಆ ನಕಲುಗಳೇ ಗತಿ. ಒಂದನ್ನೂ ಅವಳು ಅಳಿಸಿರಲಿಲ್ಲ.

ಒಂದು ಬೆಳಿಗ್ಗೆ ಮಂಜಿನೊಳಗಿಂದ ದೋಣಿ ಬಂತು. ಹಾಡು ಕೊಡಲೆಂದು ಮುದುಕಿ ದುಂಡವ್ವ ಇಳಿದಳು. ಅವಳಿಗೆ ಬರುತ್ತಿದ್ದ ಒಂದು ಜೋಗುಳ ಆ ಸೀಮೆಯಲ್ಲಿ ಇನ್ಯಾರಿಗೂ ಬರುತ್ತಿರಲಿಲ್ಲ. ದನಿ ಆಗಲೇ ಬತ್ತುತ್ತಿತ್ತು.

ಮಧುಮತಿ ಮೈಕು ಮುಂದಿಟ್ಟಳು. ಜಾಗವಿಲ್ಲ ಎಂದಿತು ಪರದೆ.

“ಏನವ್ವಾ ತಂಗಿ, ನಿನ್ನ ಪೆಟ್ಟಿಗಿ ಹೊಟ್ಟಿ ತುಂಬೇತೇನು?” ದುಂಡವ್ವ ನಕ್ಕಳು. “ಲಗೂನ ನೋಡು. ಬಿಸಲೇರಿದ್ರ ನನ್ನ ಗಂಟಲ ಕಟ್ಟತೈತಿ.”

“ಹಳೆಯ ಬ್ಯಾಕಪ್ ಅಳಿಸು,” ಎಂದರು ಪಕ್ಕದಲ್ಲಿದ್ದ ಆಶ್ರಮದ ಗುರುತಾಯಿ.

“ಭಯ ಆಗುತ್ತೆ ತಾಯೀ. ಕಮಾಂಡ್ ಬರೆದು ಎಂಟರ್ ಒತ್ತಿದರೆ ಮುಗೀತು. ಕಸದ ಬುಟ್ಟೀಲೂ ಸಿಗಲ್ಲ. ‘ಅಳಿಸಲಾ’ ಅಂತ ಒಂದು ಮಾತೂ ಕೇಳಲ್ಲ.”

“ಈ ಹೊಳೆಯೂ ಕೇಳೋದಿಲ್ಲ.”

ಮಧುಮತಿ ಬರೆದಳು: ನಿನ್ನೆಯದೊಂದು ಉಳಿಯಲಿ, ಮಿಕ್ಕದ್ದೆಲ್ಲ ಹೋಗಲಿ. ಬೆರಳು ಎಂಟರ್ ಮೇಲೆ ಹೋಯಿತು.

ಗುರುತಾಯಿ ಅವಳ ಕೈ ಹಿಡಿದರು. “ನಿನ್ನೆಯದನ್ನ ತೆರೆದು ನೋಡಿದೀಯಾ?”

“ಇಲ್ಲ.”

“ಮೊನ್ನೆಯದನ್ನ?”

“ಯಾವುದನ್ನೂ ಇಲ್ಲ ತಾಯೀ. ಇಡೋದಷ್ಟೇ…”

“ತೆರೆ.”

ನಿನ್ನೆಯದು ಖಾಲಿ. ಮೊನ್ನೆಯದೂ ಖಾಲಿ. ಜಾಗ ಸಾಲದೆ ಹೆಸರಷ್ಟೇ ಬಂದು ಕೂತಿತ್ತು, ಹಾಡು ಒಳಗೆ ಬಂದಿರಲಿಲ್ಲ.

ಮಧುಮತಿ ಗುರುತಾಯಿಯತ್ತ ತಿರುಗಿದಳು. “ನಿನ್ನೆಯದೊಂದನ್ನೇ ಉಳಿಸೋಳಿದ್ದೆ!”

ಗುರುತಾಯಿ ಒಳಗೆ ಹೋಗಿ ದುಂಡವ್ವನಿಗೆ ಬಿಸಿನೀರು ತಂದುಕೊಟ್ಟರು.

ಮಧುಮತಿ ಒಂದೊಂದೇ ನಕಲು ತೆರೆಯುತ್ತ ಹಿಂದೆ ಹಿಂದೆ ಹೋದಳು. ಕೊನೆಗೊಂದು ತೆರೆದುಕೊಂಡಿತು. ಒಳಗಿನಿಂದ ಬೀಸುವ ಪದ ಬಂತು, ಪದದ ಹಿಂದೆ ಬೀಸುಕಲ್ಲಿನ ಗರಗರ, ಎಲ್ಲೋ ದೂರದಲ್ಲಿ ಒಂದು ಹುಂಜ. ಎಲ್ಲವೂ ಇತ್ತು. ಇದೆಲ್ಲ ತನ್ನ ಹತ್ತಿರ ಇದೆಯೆಂದು ಅವಳಿಗೆ ಆವರೆಗೆ ಗೊತ್ತೇ ಇರಲಿಲ್ಲ.

ಅದೊಂದನ್ನು ಉಳಿಸಿ, ಕಮಾಂಡ್ ತಿದ್ದಿ, ಎಂಟರ್ ಒತ್ತಿದಳು.

ಪರದೆ ಏನೂ ಹೇಳಲಿಲ್ಲ. ಹೊಳೆಯ ಮೇಲಿನ ಮಂಜು ತೆಳುವಾಗುತ್ತಿತ್ತು.

ಮಧುಮತಿ ಮೈಕು ಚಾಲೂ ಮಾಡಿದಳು, ದುಂಡವ್ವ ಕಣ್ಣು ಮುಚ್ಚಿ ಹಾಡಿದಳು. ದೋಣಿಯವನು ಹುಟ್ಟನ್ನು ನೀರಿನಿಂದೆತ್ತಿ ಹಾಗೇ ಹಿಡಿದು ಕೂತ. ಹುಟ್ಟಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ಹಾಡು ನಡುವಿಗೆ ಬಂದಿರಬೇಕು, ಮಧುಮತಿಯ ಬೆರಳು ಮತ್ತೆ ಕೀಲಿಗಳತ್ತ ಸರಿಯಿತು.

“ತಾಯೀ,” ಪಿಸುಗುಟ್ಟಿದಳು, “ಇದು ಮುಗಿದ ಕೂಡಲೇ ಬ್ಯಾಕಪ್ ತೆಗೀಲಾ?”

ಗುರುತಾಯಿ ಅವಳ ಕೈಗಳನ್ನು ಮೆಲ್ಲಗೆ ಎತ್ತಿ ಅವಳ ಮಡಿಲಲ್ಲೇ ಇಟ್ಟರು.

“ಮೊದಲು ಹಾಡು ಕೇಳು.”