ನೀರು ನಿಲ್ಲಿಸಿದ ಎಲೆತೋಟ

“ಗುರುಗಳೇ, ರೋಗವನ್ನು ಕಿರಣದಿಂದ ಸುಡುತ್ತೇವೆ ಎನ್ನುತ್ತಾರೆ. ಸುಡಲಿ, ಬೇಡವೆಂದವರು ಯಾರು? ಅದಕ್ಕೂ ಮೊದಲು ನನ್ನ ಗಂಡಸುತನವನ್ನೇಕೆ ಕೇಳುತ್ತಾರೆ?”

ಹೀಗೆ ಕೇಳಿದವನು ದುಂಡಪ್ಪ. ಮೂವತ್ತು ವರ್ಷ ಗರಡಿಯಲ್ಲಿ ಪಟ್ಟು ಕಲಿಸಿದವನು. ಅವನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಇತ್ತು. ಇನ್ನೂ ಗ್ರಂಥಿಯನ್ನು ದಾಟಿರಲಿಲ್ಲ. ಗಂಡು ಹಾರ್ಮೋನನ್ನು ಅಡಗಿಸುವ ಚುಚ್ಚುಮದ್ದು ಕೆಲವು ತಿಂಗಳು, ಆಮೇಲೆ ಕಿರಣ ಚಿಕಿತ್ಸೆ ಎಂದು ವೈದ್ಯರು ಹೇಳಿದ್ದರು. ಮೊದಲ ಚುಚ್ಚುಮದ್ದಿನ ನಂತರ ಕಾರಣವಿಲ್ಲದೆ ಮೈ ಕಾದು ಬೆವರುತ್ತಿತ್ತು. ತೋಳಿನ ಕಸುವು ಇಳಿದಿತ್ತು. ಹೆಂಡತಿಯ ಮುಖ ನೋಡಲು ಸಂಕೋಚವಾಗುತ್ತಿತ್ತು. ಎರಡನೆಯ ಚುಚ್ಚುಮದ್ದು ಮರುದಿನ. ಹೋಗಬಾರದೆಂದು ಅವನು ಮನಸ್ಸಿನಲ್ಲಿಯೇ ತೀರ್ಮಾನಿಸಿದ್ದನು.

ಗುರುಗಳು ಕತೆ ಹೇಳಿದರು.

ಒಬ್ಬ ತೋಟಿಗನಿದ್ದನು. ಊರಿನ ಯಾವ ನಿಶ್ಚಿತಾರ್ಥಕ್ಕೂ ಅವನ ತೋಟದ ವೀಳ್ಯದೆಲೆಯೇ ಆಗಬೇಕು. ಅದೇ ಅವನ ಹೆಸರು, ಅದೇ ಅವನ ಹೆಮ್ಮೆ. ತೋಟಕ್ಕೆ ಹೋಗುವ ಕಾಲುವೆಯ ಬದಿಯಲ್ಲಿ, ಬಾವಿಗೂ ಕೊಟ್ಟಿಗೆಗೂ ನಡುವೆ ಒಂದು ಮುಳ್ಳುಪೊದೆ ಬೆಳೆಯಿತು. ಅದರಲ್ಲಿ ವಿಷದ ಹಾವು ಸೇರಿತು. ಒಂದು ಕರು ಸತ್ತಿತು. ಇನ್ನೊಂದು ವರ್ಷ ಬಿಟ್ಟರೆ ಪೊದೆ ಮನೆಯ ಬಾಗಿಲಿಗೇ ಬರುವಂತಿತ್ತು.

ತೋಟಿಗನು ಕೊಳ್ಳಿ ಹಿಡಿದು ಹೊರಟನು. ನೆರೆಯ ಮುದುಕಿ ತಡೆದಳು.

“ಹಸಿ ಪೊದೆ ಹೊಗೆಯಾಡುತ್ತದೆ, ಉರಿಯುವುದಿಲ್ಲ. ಅದು ಉರಿಯುವಷ್ಟು ಬೆಂಕಿ ಇಟ್ಟರೆ ನಿನ್ನ ಕೊಟ್ಟಿಗೆ ಮೊದಲು ಬೂದಿಯಾಗುತ್ತದೆ. ಕಾಲುವೆಯನ್ನು ಕಟ್ಟು. ಪೊದೆ ಸೊರಗಲಿ, ಕುಗ್ಗಲಿ. ಆಮೇಲೆ ಕೊಳ್ಳಿ.”

“ಅಜ್ಜೀ, ಅದೇ ನೀರಲ್ಲವೇ ನನ್ನ ಬಳ್ಳಿಗೂ?”

“ನಿನ್ನ ಬಳ್ಳಿಯ ನೀರನ್ನು ಕುಡಿದೇ ಅದು ಕೊಬ್ಬಿದ್ದು, ಮಗಾ. ಬಳ್ಳಿಯ ಬುಡಕ್ಕೆ ಬಿಂದಿಗೆಯಿಂದ ಹನಿಸು. ಎಲೆಯ ಆಸೆ ಸದ್ಯಕ್ಕೆ ಬಿಡು.”

ತೋಟಿಗನು ಕಾಲುವೆಯ ಬಾಯಿಗೆ ಮಣ್ಣು ತುಂಬಿದನು. ತಿಂಗಳಾಯಿತು. ಬಳ್ಳಿ ಹಳದಿಯಾಯಿತು. ಕಟ್ಟೆಯ ಮೇಲಿನ ಗಂಡಸರು ಅವನನ್ನು ಕರೆದು ಕೇಳಿದರು:

“ಏನಪ್ಪಾ ಎಲೆಯ ಯಜಮಾನ, ನಮ್ಮ ಮಗಳ ವೀಳ್ಯಕ್ಕೆ ಪಕ್ಕದ ಊರಿನಿಂದ ಎಲೆ ತರಿಸಿದೆವು. ನಿನ್ನ ತೋಟ ಸನ್ಯಾಸ ತೆಗೆದುಕೊಂಡಿತಂತೆ, ಹೌದೇ?”

ದುಂಡಪ್ಪನ ಕಿವಿ ಕೆಂಪಾಯಿತು. ಗರಡಿಯವರು ತನ್ನನ್ನು ನೋಡಿ ನಗುವ ನಗೆ ಅವನಿಗೆ ಇಲ್ಲಿಯೇ ಕೇಳಿಸಿತು. ಗುರುಗಳು ಅವನತ್ತ ನೋಡದೆ ಮುಂದುವರಿಸಿದರು.

ಆ ಮಾತನ್ನು ತೋಟಿಗನು ತಾಳಲಾರದೆ ಹೋದನು. ಯಾರೂ ಕಾಣದಂತೆ ಮಣ್ಣನ್ನು ಒಂದು ಗೇಣು ಕಿತ್ತು, ಅರ್ಧ ದಿನ ನೀರು ಬಿಟ್ಟನು. ಮೂರನೆಯ ದಿನ ಹೋಗಿ ನೋಡಿದನು. ಬಳ್ಳಿ ಹಾಗೆಯೇ ಬಾಡಿ ನಿಂತಿತ್ತು. ಪೊದೆ ಮಾತ್ರ ತುದಿತುದಿಗೂ ಚಿಗುರಿತ್ತು.

ಅವನು ಕಾಲುವೆಯ ಬಾಯಿಗೆ ಮತ್ತೆ ಮಣ್ಣು ಹಾಕಿ, ಕಾಲಿನಿಂದ ತುಳಿದು ಗಟ್ಟಿ ಮಾಡಿದನು. ನಕ್ಕವರು ನಕ್ಕರು. ಅವನು ಬಿಂದಿಗೆ ಹೊತ್ತನು. ತಿಂಗಳುಗಳು ಕಳೆದ ಮೇಲೆ ಪೊದೆ ಒಣಗಿ ಒಂದು ಬುಟ್ಟಿಯಷ್ಟಾಯಿತು. ಸಣ್ಣ ಕೊಳ್ಳಿ ಸಾಕಾಯಿತು. ಹಾವು ಪೊದೆಯೊಡನೆ ತೀರಿತು. ಕೊಟ್ಟಿಗೆಯ ಹುಲ್ಲು ಕೂಡ ಕಂದಲಿಲ್ಲ. ಆಗ ಅವನು ಕಾಲುವೆಯನ್ನು ಬಿಡಿಸಿದನು.

ಇಷ್ಟಕ್ಕೆ ಗುರುಗಳು ಕತೆ ಮುಗಿಸಿದರು.

ದುಂಡಪ್ಪನು ತಗ್ಗಿದ ದನಿಯಲ್ಲಿ ಕೇಳಿದನು: “ತೋಟ ಮತ್ತೆ ಮೊದಲಿನಂತೆ ಚಿಗುರಿತೇ, ಗುರುಗಳೇ?”

“ಚಿಗುರಿದ್ದೆಷ್ಟು, ಒಣಗಿದ್ದೆಷ್ಟು ಎಂದು ನೋಡಿಕೊಳ್ಳಲು ತೋಟಿಗನು ಬದುಕಿ ಉಳಿದಿದ್ದನು, ದುಂಡಪ್ಪ.”